ಅಪ್‌ಡೇಟ್ ಆದ ಮೇಲೆ ಡೆಸ್ಕ್‌ಟಾಪೇ ಇಲ್ಲ: ಉಬುಂಟು ಯಂತ್ರದಿಂದ ಬೇಕಾದ ಪ್ಯಾಕೇಜ್ ಕಿತ್ತುಹೋದಾಗ

ಅಪ್‌ಡೇಟ್ ಮುಗಿದು ಯಂತ್ರ ಮತ್ತೆ ಶುರುವಾದಾಗ ಬಣ್ಣದ ಲಾಗಿನ್ ಪರದೆ ಬರುವುದಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಕೊನೆಗೆ ‘ಲಾಗಿನ್’ ಎಂದು ಕೇಳುವ ಒಂದು ಸಾಲು. ಹೆಸರು, ಪಾಸ್‌ವರ್ಡ್ ಕೊಟ್ಟರೆ ಒಳಗೆ ಬಿಡುತ್ತದೆ. ಕಡತಗಳೆಲ್ಲ ಇದ್ದಲ್ಲೇ ಇರುತ್ತವೆ. ಆದರೆ ಡೆಸ್ಕ್‌ಟಾಪ್ ಇಲ್ಲ, ಕೆಲವೊಮ್ಮೆ ವೈಫೈ ಕೂಡ ಇಲ್ಲ. ತುಮಕೂರಿನ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿಗಳಲ್ಲಿ, ಸುತ್ತಲಿನ ತಾಲ್ಲೂಕುಗಳ ಶಾಲಾ ಲ್ಯಾಬ್‌ಗಳಲ್ಲಿ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಂಡವರಿಂದ ನನಗೆ ಬರುವ ಕರೆಗಳಲ್ಲಿ ಅತಿ ಹೆಚ್ಚು ಗಾಬರಿ ಕೇಳಿಸುವುದು ಈ ದೋಷಕ್ಕೇ. “ಅಣ್ಣಾ, ಅಪ್‌ಡೇಟ್ ಕೊಟ್ಟೆ ಅಷ್ಟೇಯ, ಎಲ್ಲಾ ಹೊಂಟೋಗೈತೆ.”

ಎಲ್ಲಾ ಹೋಗಿರುವುದಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಡಿಸ್ಕ್ ಕೆಟ್ಟಿಲ್ಲ, ವೈರಸ್ ಬಂದಿಲ್ಲ. ಪ್ಯಾಕೇಜ್‌ಗಳನ್ನು, ಅಂದರೆ ತಂತ್ರಾಂಶದ ಕಟ್ಟುಗಳನ್ನು, ಹಾಕುವ ಮತ್ತು ತೆಗೆಯುವ ನಿರ್ವಾಹಕ ಆಪ್ಟ್ ಯಾವುದೋ ಒಂದನ್ನು ಹಾಕಲು ಇನ್ನೊಂದಿಷ್ಟನ್ನು ಕಿತ್ತಿದೆ, ಅಷ್ಟೆ. ಏನನ್ನು ಕಿತ್ತೆ ಎಂಬ ಲೆಕ್ಕವನ್ನೂ ಬರೆದಿಟ್ಟಿದೆ. ಆ ಲೆಕ್ಕ ಕೈಯಲ್ಲಿದ್ದರೆ ದುರಸ್ತಿಗೆ ಒಂದು ಮಧ್ಯಾಹ್ನ ಸಾಕು. ಆದ್ದರಿಂದ ಮೊದಲ ಮಾತು: ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ಗಾಬರಿಯಲ್ಲಿ ಹೊಸದಾಗಿ ಇನ್‌ಸ್ಟಾಲ್ ಮಾಡಿ ಮೂರು ವರ್ಷದ ಮದುವೆ ಕಾರ್ಡಿನ ವಿನ್ಯಾಸಗಳನ್ನು ಕಳೆದುಕೊಂಡ ಅಂಗಡಿಯವರನ್ನು ನೋಡಿದ್ದೇನೆ. ಅದು ಬೇಡವಾಗಿದ್ದ ನಷ್ಟ.

ಇಲ್ಲಿರುವ ಆಜ್ಞೆಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಹೊಡೆಯಿರಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ. ಆಜ್ಞೆಯ ಶುರುವಿನ ‘ಸುಡೊ’ ಎಂದರೆ ಅದನ್ನು ಯಂತ್ರದ ಮೇಲ್ವಿಚಾರಕನ ಅಧಿಕಾರದಲ್ಲಿ ಓಡಿಸು ಎಂದರ್ಥ.

ಇದೇ ದೋಷವೇ?

ಕಪ್ಪು ಪರದೆಗೆ ಬೇರೆ ಕಾರಣಗಳೂ ಉಂಟು. ಗ್ರಾಫಿಕ್ಸ್ ಡ್ರೈವರ್ ಕೈಕೊಟ್ಟರೂ ಪರದೆ ಕಪ್ಪಾಗುತ್ತದೆ. ಡಿಸ್ಕ್ ಭರ್ತಿಯಾದರೆ ಪಾಸ್‌ವರ್ಡ್ ಕೊಟ್ಟ ಮೇಲೂ ಲಾಗಿನ್ ಪರದೆಗೇ ವಾಪಸ್ ಬರುತ್ತದೆ. ಅವುಗಳ ಮದ್ದು ಬೇರೆ, ಹಾಗಾಗಿ ಮೊದಲು ಇದನ್ನು ಖಚಿತಪಡಿಸಿಕೊಳ್ಳಿ.

ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿದರೆ ಅಕ್ಷರಗಳ ಕನ್ಸೋಲ್ ಬರುತ್ತದೆ. ಅಲ್ಲಿ ಲಾಗಿನ್ ಆಗಿ ‘ಡಿಎಫ್ -ಎಚ್’ ಕೊಟ್ಟು ಡಿಸ್ಕ್‌ನಲ್ಲಿ ಜಾಗ ಉಳಿದಿದೆಯೇ ನೋಡಿ. ಆಮೇಲೆ:

ಡಿಪಿಕೆಜಿ -ಎಲ್ ಜಿಡಿಎಂ3 ಗ್ನೋಮ್-ಶೆಲ್ ನೆಟ್‌ವರ್ಕ್-ಮ್ಯಾನೇಜರ್

ಇವು ಕ್ರಮವಾಗಿ ಲಾಗಿನ್ ಪರದೆ, ಡೆಸ್ಕ್‌ಟಾಪ್, ನೆಟ್‌ವರ್ಕ್ ಸಂಪರ್ಕ ನೋಡಿಕೊಳ್ಳುವ ಪ್ಯಾಕೇಜ್‌ಗಳು. ಪ್ರತಿ ಸಾಲಿನ ಮೊದಲ ಎರಡು ಅಕ್ಷರಗಳಲ್ಲೇ ಉತ್ತರ ಇದೆ. ‘ಐಐ’ ಇದ್ದರೆ ಪ್ಯಾಕೇಜ್ ಸರಿಯಾಗಿ ಕೂತಿದೆ, ದೋಷವನ್ನು ಬೇರೆಡೆ ಹುಡುಕಬೇಕು. ‘ಆರ್‌ಸಿ’ ಇದ್ದರೆ ಪ್ಯಾಕೇಜ್ ತೆಗೆಯಲಾಗಿದೆ, ಅದರ ಸಂರಚನಾ ಕಡತಗಳು ಮಾತ್ರ ಉಳಿದಿವೆ. ಹೀಗೆ ‘ಆರ್‌ಸಿ’ ಆಗಿರುವುದನ್ನೆಲ್ಲ ಒಂದೇ ಸಲ ನೋಡಲು ‘ಡಿಪಿಕೆಜಿ -ಎಲ್’ನ ಫಲಿತಾಂಶವನ್ನು ‘ಗ್ರೆಪ್’ಗೆ ಹರಿಸಿ, ಸಾಲಿನ ಶುರುವಿನಲ್ಲೇ ‘ಆರ್‌ಸಿ’ ಇರುವುದನ್ನು ಹುಡುಕಿ. ಹಳೆಯ ಕರ್ನೆಲ್‌ಗಳು (ವ್ಯವಸ್ಥೆಯ ತಿರುಳು) ಆ ಪಟ್ಟಿಯಲ್ಲಿದ್ದರೆ ಅದು ಸಹಜ. ಡೆಸ್ಕ್‌ಟಾಪ್, ನೆಟ್‌ವರ್ಕ್, ಪ್ರಿಂಟರ್‌ಗೆ ಸೇರಿದವು ಇದ್ದರೆ ದೋಷ ಇದೇ.

ಇನ್ನು ಮುಖ್ಯ ಸಾಕ್ಷಿ. ಅದು /ವಾರ್/ಲಾಗ್/ಆಪ್ಟ್/ ಎಂಬ ಫೋಲ್ಡರಿನ ಹಿಸ್ಟರಿ.ಲಾಗ್ ಕಡತ. ‘ಲೆಸ್’ ಆಜ್ಞೆಯಿಂದ ತೆರೆದು, ಶಿಫ್ಟ್ ಹಿಡಿದು ‘ಜಿ’ ಒತ್ತಿದರೆ ಕಡತದ ಕೊನೆಗೆ ಹೋಗುತ್ತೀರಿ. ಪ್ರತಿ ವ್ಯವಹಾರಕ್ಕೂ ಒಂದೊಂದು ಕಂತೆ ಇರುತ್ತದೆ. ಶುರುವಾದ ದಿನಾಂಕ ಮತ್ತು ಹೊತ್ತು, ಹೊಡೆದ ಆಜ್ಞೆಯ ಸಾಲು, ಆಜ್ಞೆ ಕೊಟ್ಟ ಬಳಕೆದಾರ, ಅದರ ಕೆಳಗೆ ‘ಇನ್‌ಸ್ಟಾಲ್’, ‘ಅಪ್‌ಗ್ರೇಡ್’, ‘ರಿಮೂವ್’, ‘ಪರ್ಜ್’ ಎಂಬ ಪಟ್ಟಿಗಳು. ‘ರಿಮೂವ್’ ಎಂಬ ಸಾಲನ್ನು ಹುಡುಕಿ. ಈ ಕಡತ ತಿಂಗಳಿಗೊಮ್ಮೆ ಮಡಚಿಕೊಳ್ಳುತ್ತದೆ, ಹಿಂದಿನ ತಿಂಗಳುಗಳದ್ದು ಅದೇ ಫೋಲ್ಡರಿನಲ್ಲಿ ಜಿಜೆಡ್ ಕಡತಗಳಾಗಿ ಇರುತ್ತದೆ. ಅವನ್ನು ‘ಜೆಡ್‌ಲೆಸ್’ನಿಂದ ಓದಬಹುದು.

ಏನು ನಡೆಯಿತು ಎಂದು ಬಳಕೆದಾರರನ್ನು ಕೇಳುವುದಕ್ಕಿಂತ ಮೊದಲು ಈ ಕಡತ ಓದಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಬಿ.ಎಚ್. ರಸ್ತೆಯ ಒಂದು ಅಂಗಡಿಯ ಉಬುಂಟು 22.04 ಯಂತ್ರವನ್ನೇ ತೆಗೆದುಕೊಳ್ಳಿ. ಪಹಣಿ ಪ್ರಿಂಟು, ಸಿಇಟಿ ಅರ್ಜಿ, ಲಗ್ನಪತ್ರಿಕೆ ಎಲ್ಲಾ ಅದರಲ್ಲೇ. ಬೆಳಿಗ್ಗೆ ಅಂಗಡಿ ತೆಗೆದರೆ ಲಾಗಿನ್ ಪರದೆ ಇಲ್ಲ, ಮಧುಗಿರಿ, ಪಾವಗಡದಿಂದ ಬಸ್ ಹತ್ತಿ ಬಂದವರು ಬಾಗಿಲಲ್ಲಿ ಕಾಯುತ್ತಿದ್ದಾರೆ. ಅಂಗಡಿಯ ಹುಡುಗ “ರಾತ್ರಿ ಅಪ್‌ಡೇಟ್ ಮಾಡ್ದೆ, ಬೇರೇನೂ ಮುಟ್ಟಿಲ್ಲ ಅಣ್ಣಾ” ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಲಾಗ್ ನೋಡಿದರೆ ಆ ರಾತ್ರಿ ಎರಡು ವ್ಯವಹಾರಗಳಿದ್ದವು. ಮೊದಲನೆಯದು ಫುಲ್-ಅಪ್‌ಗ್ರೇಡ್. ಅದರಲ್ಲಿ ‘ರಿಮೂವ್’ ಸಾಲೇ ಇರಲಿಲ್ಲ. ಎರಡನೆಯದು, ಕೆಲವೇ ನಿಮಿಷದ ನಂತರ, ಹಳೆಯ ಬಿಲ್ಲಿಂಗ್ ತಂತ್ರಾಂಶ ಓಡಿಸಲು 32 ಬಿಟ್‌ನ ವೈನ್ (ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಧನ) ಹಾಕಿದ್ದು. ಉಬುಂಟು-ಡೆಸ್ಕ್‌ಟಾಪ್, ಜಿಡಿಎಂ3, ಗ್ನೋಮ್-ಶೆಲ್ ಎಲ್ಲ ಹೋಗಿದ್ದದ್ದು ಅಲ್ಲಿ. ಎರಡೂ ಆಜ್ಞೆಗಳ ಕೊನೆಗೆ ‘-ವೈ’ ಇತ್ತು. ಯಾವುದೋ ವಿಡಿಯೊದಲ್ಲಿ ತೋರಿಸಿದ ಸಾಲುಗಳನ್ನು ಅವನು ಒಟ್ಟಿಗೆ ನಕಲು ಮಾಡಿ ಅಂಟಿಸಿದ್ದ, ಅವನ ಲೆಕ್ಕದಲ್ಲಿ ಅದೆಲ್ಲ ಸೇರಿ ‘ಅಪ್‌ಡೇಟ್’. ಲಾಗ್ ನೋಡದೆ ಹೋಗಿದ್ದರೆ ಏನೂ ತಪ್ಪು ಮಾಡದ ಅಪ್‌ಗ್ರೇಡ್ ಮೇಲೆ ಗೂಬೆ ಕೂರಿಸಿ, ಅಪ್‌ಡೇಟ್‌ಗಳನ್ನೇ ಶಾಶ್ವತವಾಗಿ ನಿಲ್ಲಿಸಿಬಿಡುತ್ತಿದ್ದರು.

ಆಪ್ಟ್ ಯಾಕೆ ಹೀಗೆ ಮಾಡುತ್ತದೆ

‘ಅತ್ಯಗತ್ಯ’ ಎಂಬುದಕ್ಕೆ ಆಪ್ಟ್‌ನ ಲೆಕ್ಕ ಒಂದು, ನಮ್ಮ ಲೆಕ್ಕ ಇನ್ನೊಂದು. ಈ ದೋಷದ ಬೇರು ಅಲ್ಲಿದೆ.

ಉಬುಂಟು ಸೇರಿದ ಡೆಬಿಯನ್ ಕುಟುಂಬದ ವ್ಯವಸ್ಥೆಗಳಲ್ಲಿ ಪ್ರತಿ ಪ್ಯಾಕೇಜಿನ ವಿವರದಲ್ಲೂ ‘ಎಸೆನ್ಷಿಯಲ್’ ಎಂಬ ಗುರುತು ಹಾಕಲು ಜಾಗವಿದೆ. ‘ಆಪ್ಟ್ ಶೋ ಬ್ಯಾಶ್’ ಕೊಟ್ಟರೆ ‘ಎಸೆನ್ಷಿಯಲ್: ಯೆಸ್’ ಎಂಬ ಸಾಲು ಕಾಣುತ್ತದೆ. ಬ್ಯಾಶ್, ಕೋರ್‌ಯುಟಿಲ್ಸ್, ಡಿಪಿಕೆಜಿ, ಗ್ರೆಪ್, ಸೆಡ್, ಟಾರ್, ಪರ್ಲ್-ಬೇಸ್, ಯುಟಿಲ್-ಲಿನಕ್ಸ್ ಹೀಗೆ ಒಂದು ಚಿಕ್ಕ ಗುಂಪಿಗೆ ಮಾತ್ರ ಆ ಗುರುತಿದೆ. ಇವಿಲ್ಲದಿದ್ದರೆ ಪ್ಯಾಕೇಜ್ ವ್ಯವಸ್ಥೆಯೇ ನಡೆಯುವುದಿಲ್ಲ ಎಂಬ ಕಾರಣಕ್ಕೆ. ಗ್ನೋಮ್‌ಗೆ ಆ ಗುರುತಿಲ್ಲ. ನೆಟ್‌ವರ್ಕ್-ಮ್ಯಾನೇಜರ್‌ಗಿಲ್ಲ. ಪ್ರಿಂಟ್ ಕೊಡುವ ಕಪ್ಸ್‌ಗಿಲ್ಲ. ಕರ್ನೆಲ್‌ಗೂ ಇಲ್ಲ, ಏಕೆಂದರೆ ಕಂಟೇನರಿನೊಳಗೆ (ಇನ್ನೊಂದು ವ್ಯವಸ್ಥೆಯ ಕರ್ನೆಲ್ ಹಂಚಿಕೊಂಡು ನಡೆಯುವ ಆವರಣ) ಸ್ವಂತ ಕರ್ನೆಲ್ ಇಲ್ಲದೆಯೂ ಉಬುಂಟು ನಡೆಯುತ್ತದೆ. ಡೆಸ್ಕ್‌ಟಾಪ್ ಇಲ್ಲದ ಸರ್ವರ್ ಕೂಡ ಪೂರ್ತಿ ಆರೋಗ್ಯದ ಉಬುಂಟುವೇ. ಅಂಗಡಿಯವರಿಗೆ ಮಾತ್ರ ಅದು ಸತ್ತ ಯಂತ್ರ.

ಇಲ್ಲಿಂದ ಒಂದು ಮುಖ್ಯ ಪರಿಣಾಮ ಹೊರಡುತ್ತದೆ. ‘-ವೈ’ ಎಂದರೆ ಕೇಳುವ ಪ್ರಶ್ನೆಗಳಿಗೆಲ್ಲ ‘ಹೌದು’ ಎಂದು ಮೊದಲೇ ಒಪ್ಪಿಕೊಂಡ ಹಾಗೆ. ಎಸೆನ್ಷಿಯಲ್ ಪ್ಯಾಕೇಜ್ ಕೀಳಬೇಕಾಗಿ ಬಂದರೆ ‘-ವೈ’ ಇದ್ದರೂ ಆಪ್ಟ್ ನಿಂತುಬಿಡುತ್ತದೆ. ಉಬುಂಟು-ಡೆಸ್ಕ್‌ಟಾಪ್ ಕೀಳಬೇಕಾಗಿ ಬಂದರೆ ನಿಲ್ಲುವುದಿಲ್ಲ. ಪಟ್ಟಿಯನ್ನು ತೋರಿಸುತ್ತದೆ, ಆದರೆ ಅದು ಕಣ್ಣೆದುರೇ ಸರ್ರನೆ ಮೇಲೆ ಹೋಗಿ ಕೆಲಸ ಶುರುವಾಗಿರುತ್ತದೆ.

ಎಸೆನ್ಷಿಯಲ್ ವಿಷಯದಲ್ಲಿ ಆಪ್ಟ್ ಈಗ ಮೊದಲಿಗಿಂತ ಬಿಗಿಯಾಗಿದೆ. ಹಿಂದೆ ಅಂಥ ಪ್ಯಾಕೇಜ್ ಕೀಳುವ ಪ್ರಸಂಗ ಬಂದರೆ ‘ಯೆಸ್, ಡು ಆಸ್ ಐ ಸೇ!’ ಎಂಬ ಇಡೀ ವಾಕ್ಯ ಟೈಪ್ ಮಾಡಿಸಿಕೊಂಡು ಮುಂದುವರಿಯುತ್ತಿತ್ತು. 2021ರಲ್ಲಿ ಹೆಸರಾಂತ ಯೂಟ್ಯೂಬ್ ಚಾನೆಲ್ ಒಂದರಲ್ಲಿ ಉಬುಂಟು ಆಧಾರಿತ ಪಾಪ್ ಓಎಸ್ ಮೇಲೆ ಆಟಗಳ ತಂತ್ರಾಂಶ ಸ್ಟೀಮ್ ಹಾಕಲು ಹೋದವರು ಆ ವಾಕ್ಯವನ್ನು ಟೈಪ್ ಮಾಡಿ ಡೆಸ್ಕ್‌ಟಾಪನ್ನೇ ಕಳೆದುಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ ಬಂದ ಆಪ್ಟ್ 2.3.12 ಆ ಪ್ರಶ್ನೆಯನ್ನೇ ತೆಗೆದುಹಾಕಿತು. ಈಗ ‘--ಅಲೋ-ರಿಮೂವ್-ಎಸೆನ್ಷಿಯಲ್’ ಎಂದು ಬೇಕೆಂದೇ ಬರೆಯದೆ ಅವು ಅಲ್ಲಾಡುವುದಿಲ್ಲ. ಉಬುಂಟು 22.04ರಿಂದ ಮುಂದಿನ ಆವೃತ್ತಿಗಳಲ್ಲಿ ಈ ರಕ್ಷಣೆ ಇದೆ, 20.04ರಲ್ಲಿ ಹಳೆಯ ಪ್ರಶ್ನೆಯೇ ಇದೆ. 20.04ರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಲ್ಲೇ ಮುಗಿದಿದೆ. ನಮ್ಮ ಕಡೆ ಅದನ್ನು ಇನ್ನೂ ಓಡಿಸುತ್ತಿರುವ ಲ್ಯಾಬ್‌ಗಳು ಇದಕ್ಕಾಗಿಯಾದರೂ ಮೇಲೇರಬೇಕು.

ಸರಿ, ಕೀಳುವ ಅಗತ್ಯವಾದರೂ ಯಾಕೆ ಬರುತ್ತದೆ? ಬಿ.ಎಚ್. ರಸ್ತೆಯ ಯಂತ್ರದಲ್ಲಿ ಆದದ್ದು ಇದು. ಯಾವಾಗಲೋ ಗ್ರಾಫಿಕ್ಸ್ ಚೆನ್ನಾಗಿರಲಿ ಎಂದು ಹೊರಗಿನ ಒಂದು ಪಿಪಿಎ (ಉಬುಂಟುವಿನ ಅಧಿಕೃತ ಭಂಡಾರಕ್ಕೆ ಸೇರದ ಖಾಸಗಿ ಪ್ಯಾಕೇಜ್ ಭಂಡಾರ) ಸೇರಿಸಿದ್ದರು. ಅದರಿಂದ ಕೆಲವು ಲೈಬ್ರರಿಗಳ, ಅಂದರೆ ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಭಾಗಗಳ, ಹೊಸ ಆವೃತ್ತಿ ಬಂದು ಕೂತಿತ್ತು. ಆಮೇಲೆ ಪಿಪಿಎಯನ್ನು ಪಟ್ಟಿಯಿಂದ ತೆಗೆದರು, ಆದರೆ ಅದು ತಂದ ಲೈಬ್ರರಿಗಳು ಹಾಗೇ ಉಳಿದವು. ಪಿಪಿಎ ತೆಗೆದ ಮಾತ್ರಕ್ಕೆ ಅದು ಹಾಕಿದ್ದು ವಾಪಸ್ ಹೋಗುವುದಿಲ್ಲ. ಈಗ 32 ಬಿಟ್ ವೈನ್‌ಗೆ ಅದೇ ಲೈಬ್ರರಿಗಳ ಐ386, ಅಂದರೆ 32 ಬಿಟ್, ಪ್ರತಿ ಬೇಕು. ಒಂದೇ ಲೈಬ್ರರಿಯ 64 ಬಿಟ್ ಮತ್ತು 32 ಬಿಟ್ ಪ್ರತಿಗಳು ಒಟ್ಟಿಗೆ ಇರಬೇಕಾದರೆ ಎರಡರ ಆವೃತ್ತಿ ಸಂಖ್ಯೆಯೂ ಒಂದೇ ಆಗಿರಬೇಕೆಂಬುದು ನಿಯಮ. ಉಬುಂಟು ಭಂಡಾರದಲ್ಲಿರುವ 32 ಬಿಟ್ ಪ್ರತಿ ಹಳೆಯದು, ಯಂತ್ರದಲ್ಲಿ ಕೂತಿರುವ 64 ಬಿಟ್ ಪ್ರತಿ ಹೊಸದು. ಇರುವುದನ್ನು ಹಿಂದಿನ ಆವೃತ್ತಿಗೆ ಇಳಿಸುವ ಕೆಲಸವನ್ನು ಆಪ್ಟ್ ತಾನಾಗಿ ಮಾಡುವುದಿಲ್ಲ. ವೈನ್ ಬೇಕೇಬೇಕು ಎಂದು ನೀವು ಹೇಳಿದ್ದೀರಿ. ಆಗ ಅದಕ್ಕೆ ಉಳಿದ ದಾರಿ 64 ಬಿಟ್ ಲೈಬ್ರರಿಯನ್ನು ಕೀಳುವುದು, ಅದರೊಂದಿಗೆ ಅದನ್ನು ನೆಚ್ಚಿಕೊಂಡ ಇಡೀ ಡೆಸ್ಕ್‌ಟಾಪನ್ನು ಕೀಳುವುದು. 32 ಬಿಟ್‌ನ ಹಳೆಯ ಪ್ರಿಂಟರ್ ಡ್ರೈವರ್ ಹಾಕುವಾಗಲೂ ಇದೇ ಕಥೆ.

ಎರಡನೆಯ ದಾರಿ ‘ಕೆಪ್ಟ್ ಬ್ಯಾಕ್’ ಎಂಬ ಸಂದೇಶ. ‘ಆಪ್ಟ್ ಅಪ್‌ಗ್ರೇಡ್’ ಕೊಟ್ಟಾಗ ಕೆಲವು ಪ್ಯಾಕೇಜ್‌ಗಳನ್ನು ತಡೆಹಿಡಿದಿದ್ದೇನೆ ಎಂದು ಅದು ಹೇಳುತ್ತದೆ. ಜನ ಇದನ್ನು ದೋಷ ಎಂದುಕೊಂಡು ಫುಲ್-ಅಪ್‌ಗ್ರೇಡ್ ಹೊಡೆಯುತ್ತಾರೆ. ಅದು ದೋಷವಲ್ಲ. ಉಬುಂಟು ತನ್ನ ಅಪ್‌ಡೇಟ್‌ಗಳನ್ನು ಎಲ್ಲರಿಗೂ ಒಂದೇ ದಿನ ಬಿಡದೆ ಹಂತಹಂತವಾಗಿ ಬಿಡುತ್ತದೆ, ನಿಮ್ಮ ಸರದಿ ಬರದಿದ್ದರೆ ಈ ಸಂದೇಶ ಬರುತ್ತದೆ. ಕೆಲವು ದಿನ ಬಿಟ್ಟರೆ ತಾನಾಗಿ ಸರಿಹೋಗುತ್ತದೆ. ನಾಲ್ಕು ಆಜ್ಞೆಗಳ ವ್ಯತ್ಯಾಸ ತಿಳಿದಿರಲಿ: ‘ಆಪ್ಟ್-ಗೆಟ್ ಅಪ್‌ಗ್ರೇಡ್’ ಹೊಸ ಪ್ಯಾಕೇಜನ್ನೂ ಹಾಕುವುದಿಲ್ಲ, ಇರುವುದನ್ನೂ ಕೀಳುವುದಿಲ್ಲ. ‘ಆಪ್ಟ್ ಅಪ್‌ಗ್ರೇಡ್’ ಹೊಸದನ್ನು ಹಾಕಬಹುದು, ಆದರೆ ಕೀಳುವುದಿಲ್ಲ. ‘ಆಪ್ಟ್ ಫುಲ್-ಅಪ್‌ಗ್ರೇಡ್’ ಬೇಕೆನಿಸಿದರೆ ಕೀಳುತ್ತದೆ. ‘ಆಪ್ಟ್-ಗೆಟ್ ಡಿಸ್ಟ್-ಅಪ್‌ಗ್ರೇಡ್’ ಕೂಡ ಹಾಗೆಯೇ. ದಿನನಿತ್ಯದ ಅಪ್‌ಡೇಟ್‌ಗೆ ಕೊನೆಯ ಎರಡರ ಅಗತ್ಯವೇ ಇಲ್ಲ. ಗ್ರಾಫಿಕಲ್ ಅಪ್‌ಡೇಟರಿನಲ್ಲಿ ‘ಪಾರ್ಷಿಯಲ್ ಅಪ್‌ಗ್ರೇಡ್’ ಎಂಬ ಗುಂಡಿ ಬಂದರೂ ಎಚ್ಚರವಿರಲಿ. ಎಲ್ಲವನ್ನೂ ಮಾಮೂಲಿಯಾಗಿ ಹಾಕಲು ಆಗುತ್ತಿಲ್ಲ, ಏನನ್ನಾದರೂ ಕೀಳಬೇಕಾಗಬಹುದು ಎಂಬ ಸೂಚನೆ ಅದು. ರದ್ದು ಮಾಡಿ ಕಾರಣ ಹುಡುಕಿ.

ಮೂರನೆಯದು ಕರೆಂಟ್. ಅಪ್‌ಡೇಟ್ ನಡುವೆ ಕರೆಂಟ್ ಹೋಗಿ, ಯುಪಿಎಸ್ ಕೂಡ ಕೈಕೊಟ್ಟರೆ ಪ್ಯಾಕೇಜ್‌ಗಳು ಅರ್ಧಂಬರ್ಧ ಕೂತಿರುತ್ತವೆ. ಆಗ ಮಾಡಬೇಕಾದದ್ದು ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’. ಹಲವರು ನೇರವಾಗಿ ‘ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’ಗೆ ಹೋಗುತ್ತಾರೆ. ಹೆಸರಿನಲ್ಲಿ ‘ಫಿಕ್ಸ್’ ಇದ್ದರೂ, ಮುರಿದದ್ದನ್ನು ಸರಿಮಾಡಲು ಪ್ಯಾಕೇಜ್ ಕೀಳುವ ಅಧಿಕಾರ ಅದಕ್ಕಿದೆ. ಅದಕ್ಕೆ ಎಂದೂ ‘-ವೈ’ ಸೇರಿಸಬೇಡಿ.

ಕೊನೆಯದು ಆಟೊರಿಮೂವ್. ಇನ್ನೊಂದಕ್ಕಾಗಿ ತಾನಾಗಿ ಬಂದ ಪ್ಯಾಕೇಜ್ ಈಗ ಯಾರಿಗೂ ಬೇಡ ಎನಿಸಿದರೆ ಆಪ್ಟ್ ಅದನ್ನು ತೆಗೆಯಬಹುದಾದ ಪಟ್ಟಿಗೆ ಸೇರಿಸುತ್ತದೆ. ನಿಮಗೆ ಬೇಕಾದದ್ದು ಆ ಪಟ್ಟಿಯಲ್ಲಿ ಕಂಡರೆ ‘ಸುಡೊ ಆಪ್ಟ್-ಮಾರ್ಕ್ ಮ್ಯಾನ್ಯುಯಲ್’ ಎಂದು ಬರೆದು ಮುಂದೆ ಪ್ಯಾಕೇಜ್ ಹೆಸರು ಕೊಡಿ. ಅದು ನೀವೇ ಕೇಳಿ ಹಾಕಿಸಿಕೊಂಡದ್ದೆಂದು ದಾಖಲಾಗುತ್ತದೆ, ಆಟೊರಿಮೂವ್ ಮತ್ತೆ ಅದರ ತಂಟೆಗೆ ಬರುವುದಿಲ್ಲ. ಕನ್ನಡ ಬಳಸುವವರು ಫಾಂಟ್ಸ್-ಕೆಎನ್‌ಡಿಎ ಮತ್ತು ಐಬಸ್-ಎಂ17ಎನ್ ಎರಡನ್ನೂ ಇವತ್ತೇ ಹೀಗೆ ಗುರುತು ಹಾಕಿಡಿ. ಮೊದಲನೆಯದು ಗುಬ್ಬಿ, ಲೋಹಿತ್ ಫಾಂಟ್‌ಗಳನ್ನು ತರುತ್ತದೆ, ಎರಡನೆಯದು ಕನ್ನಡ ಕೀಲಿಮಣೆಯ ವಿನ್ಯಾಸಗಳನ್ನು.

ವಾಪಸ್ ತರುವುದು

ಮೊದಲು ಇಂಟರ್ನೆಟ್. ನೆಟ್‌ವರ್ಕ್-ಮ್ಯಾನೇಜರ್ ಉಳಿದಿದ್ದರೆ ಲ್ಯಾನ್ ಕೇಬಲ್ ಸಿಕ್ಕಿಸಿದರೆ ಸಾಕು. ಅದೇ ಹೋಗಿದ್ದರೆ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಸೇರಿಸಿ, ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ‘ಐಪಿ ಲಿಂಕ್’ ಕೊಟ್ಟರೆ ಹೊಸದೊಂದು ಸಾಧನದ ಹೆಸರು ಕಾಣುತ್ತದೆ. ‘ಸುಡೊ ಐಪಿ ಲಿಂಕ್ ಸೆಟ್’, ಆ ಹೆಸರು, ‘ಅಪ್’ ಎಂದು ಕೊಟ್ಟು ಅದನ್ನು ಎಬ್ಬಿಸಿ. ಆಮೇಲೆ 22.04ರಲ್ಲಾದರೆ ‘ಸುಡೊ ಡಿಎಚ್‌ಕ್ಲೈಂಟ್’, 24.04ರಲ್ಲಾದರೆ ‘ಸುಡೊ ಡಿಎಚ್‌ಸಿಪಿಸಿಡಿ’, ಅದರ ಮುಂದೆ ಅದೇ ಸಾಧನದ ಹೆಸರು.

ಅದೂ ಆಗದಿದ್ದರೆ, ಅಥವಾ ಯಂತ್ರ ಕನ್ಸೋಲ್‌ವರೆಗೂ ಬರದಿದ್ದರೆ, ಅದೇ ಆವೃತ್ತಿಯ ಉಬುಂಟು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ‘ಟ್ರೈ’ ಆಯ್ಕೆಯಲ್ಲಿ ಒಳಗೆ ಹೋಗಿ. ‘ಇನ್‌ಸ್ಟಾಲ್’ ಒತ್ತಬೇಡಿ. ಡಿಸ್ಕ್‌ನ ಮೂಲ ವಿಭಾಗವನ್ನು /ಎಂಎನ್‌ಟಿ ಮೇಲೆ ಮೌಂಟ್ ಮಾಡಿ, ಡೆವ್, ಪ್ರೊಕ್, ಸಿಸ್, ರನ್ ಈ ನಾಲ್ಕನ್ನೂ ‘ಮೌಂಟ್ --ಬೈಂಡ್’ನಿಂದ ಅದರೊಳಗೆ ಜೋಡಿಸಿ, ‘ಸುಡೊ ಸಿಎಚ್‌ರೂಟ್ /ಎಂಎನ್‌ಟಿ’ ಕೊಡಿ. ‘ರನ್’ ಮರೆತರೆ ಹೆಸರುಗಳು ವಿಳಾಸವಾಗಿ ಬಿಡಿಸಿಕೊಳ್ಳದೆ ಡೌನ್‌ಲೋಡ್ ನಡೆಯುವುದಿಲ್ಲ. ಈಗ ಪೆನ್‌ಡ್ರೈವ್‌ನ ಇಂಟರ್ನೆಟ್ ಬಳಸಿಕೊಂಡು ನಿಮ್ಮ ಸ್ವಂತ ವ್ಯವಸ್ಥೆಯೊಳಗೇ ಆಪ್ಟ್ ಓಡಿಸಬಹುದು.

ಡೆಸ್ಕ್‌ಟಾಪ್ ವಾಪಸ್ ಹಾಕುವ ಮೊದಲು ಜಗಳದ ಮೂಲವನ್ನು ತೆಗೆಯಬೇಕು, ಇಲ್ಲದಿದ್ದರೆ ‘ಅನ್‌ಮೆಟ್ ಡಿಪೆಂಡೆನ್ಸೀಸ್’ ಎಂಬ ಗೋಡೆಗೆ ಹೋಗಿ ಗುದ್ದುತ್ತೀರಿ. ‘ಆಪ್ಟ್ ಲಿಸ್ಟ್ --ಇನ್‌ಸ್ಟಾಲ್ಡ್’ ಕೊಟ್ಟು ‘ಲೋಕಲ್’ ಎಂದು ಬರೆದಿರುವ ಸಾಲುಗಳನ್ನು ಆರಿಸಿ. ಈಗಿನ ಯಾವ ಭಂಡಾರದಲ್ಲೂ ಇಲ್ಲದ ಆವೃತ್ತಿಗಳು ಇವು, ಹೊರಗಿನಿಂದ ಬಂದು ಉಳಿದವು. ಒಂದೊಂದಕ್ಕೂ ‘ಆಪ್ಟ್ ಪಾಲಿಸಿ’ ಕೊಟ್ಟರೆ ಉಬುಂಟುವಿನ ಆವೃತ್ತಿ ಯಾವುದು, ಕೂತಿರುವುದು ಯಾವುದು ಎಂಬುದು ಕಾಣುತ್ತದೆ. ಒಂದೆರಡು ಇದ್ದರೆ ‘ಸುಡೊ ಆಪ್ಟ್ ಇನ್‌ಸ್ಟಾಲ್’ ಮುಂದೆ ಹೆಸರು, ಸಮ ಚಿಹ್ನೆ, ಉಬುಂಟುವಿನ ಆವೃತ್ತಿ ಸಂಖ್ಯೆ ಬರೆದು ಇಳಿಸಿ. ಇಡೀ ಪಿಪಿಎಯೇ ಕಾರಣವಾದರೆ ಅದನ್ನು ಮತ್ತೆ ಸೇರಿಸಿ ‘ಪಿಪಿಎ-ಪರ್ಜ್’ ಎಂಬ ಸಾಧನ ಓಡಿಸಿ. ಪಿಪಿಎ ತಂದದ್ದನ್ನೆಲ್ಲ ಉಬುಂಟುವಿನ ಆವೃತ್ತಿಗೆ ಇಳಿಸಿ, ಆಮೇಲೆ ಪಿಪಿಎಯನ್ನು ತೆಗೆಯುವುದೇ ಅದರ ಕೆಲಸ.

ಆನಂತರ ‘ಸುಡೊ ಆಪ್ಟ್ ಅಪ್‌ಡೇಟ್’, ಅದಾದ ಮೇಲೆ ‘ಆಪ್ಟ್ -ಎಸ್ ಇನ್‌ಸ್ಟಾಲ್ ಉಬುಂಟು-ಡೆಸ್ಕ್‌ಟಾಪ್’. ‘-ಎಸ್’ ಎಂದರೆ ಬರೀ ಅಭಿನಯ, ಏನನ್ನೂ ಬದಲಿಸುವುದಿಲ್ಲ. ಫಲಿತಾಂಶದಲ್ಲಿ ‘ಇನ್‌ಸ್ಟ್’ ಎಂದು ಶುರುವಾಗುವ ಸಾಲುಗಳು ಹಾಕುವಂಥವು, ‘ರೆಮ್‌ವ್’ ಎಂದು ಶುರುವಾಗುವವು ಕೀಳುವಂಥವು. ‘ರೆಮ್‌ವ್’ ಒಂದೂ ಇಲ್ಲದಿದ್ದರೆ ‘-ಎಸ್’ ಬಿಟ್ಟು ‘ಸುಡೊ’ ಸೇರಿಸಿ ನಿಜವಾಗಿ ಓಡಿಸಿ. ಕೊನೆಗೆ ಹಿಸ್ಟರಿ.ಲಾಗ್‌ನ ‘ರಿಮೂವ್’ ಸಾಲಿಗೆ ಮರಳಿ, ಡೆಸ್ಕ್‌ಟಾಪ್ ಜೊತೆ ತಾನಾಗಿ ಬರದ ಪ್ರಿಂಟರ್ ಡ್ರೈವರ್, ಸ್ಕ್ಯಾನರ್, ಕನ್ನಡ ಫಾಂಟು ಇತ್ಯಾದಿಗಳನ್ನು ಒಂದೊಂದಾಗಿ ಹಾಕಿ. ಕಿತ್ತದ್ದು ‘ಪರ್ಜ್’ ಆಗದೆ ‘ರಿಮೂವ್’ ಆಗಿದ್ದರೆ ಅವುಗಳ ಹಳೆಯ ಸೆಟ್ಟಿಂಗ್‌ಗಳೂ ಹಾಗೇ ಸಿಗುತ್ತವೆ.

ಮತ್ತೆ ಹೀಗಾಗದಂತೆ

ನಮಗೆ ಯಾವುದು ಅತ್ಯಗತ್ಯ ಎಂಬುದನ್ನು ಯಂತ್ರಕ್ಕೆ ನಾವೇ ಹೇಳಬೇಕು. ಹೇಳುವ ದಾರಿಗಳಲ್ಲಿ ನಾನು ಎಲ್ಲರಿಗೂ ಮಾಡಿಕೊಡುವುದು ಎರಡು.

ಮೊದಲನೆಯದು ಮೆಟಾಪ್ಯಾಕೇಜಿಗೆ ಹೋಲ್ಡ್ ಹಾಕುವುದು. ಉಬುಂಟು-ಡೆಸ್ಕ್‌ಟಾಪ್ ಎಂಬ ಪ್ಯಾಕೇಜಿನಲ್ಲಿ ಯಾವ ತಂತ್ರಾಂಶವೂ ಇಲ್ಲ. ಅದು ದಿನಸಿ ಚೀಟಿಯಂತೆ, ಏನೇನು ಬೇಕು ಎಂಬ ಹೆಸರುಗಳಷ್ಟೇ. ‘ಸುಡೊ ಆಪ್ಟ್-ಮಾರ್ಕ್ ಹೋಲ್ಡ್ ಉಬುಂಟು-ಡೆಸ್ಕ್‌ಟಾಪ್’ ಕೊಟ್ಟರೆ ಆಪ್ಟ್ ಅದನ್ನು ತಾನಾಗಿ ಕೀಳುವಂತಿಲ್ಲ, ಹಾಗಾಗಿ ಅದು ಕಡ್ಡಾಯವಾಗಿ ನೆಚ್ಚಿಕೊಂಡದ್ದನ್ನೂ ಕೀಳುವಂತಿಲ್ಲ. ‘-ವೈ’ ಹಾಕಿದ್ದರೆ, ಹೋಲ್ಡ್ ಆದ ಪ್ಯಾಕೇಜ್ ಬದಲಾಗುತ್ತಿದೆ ಎಂದು ಹೇಳಿ ಅಲ್ಲೇ ನಿಂತುಬಿಡುತ್ತದೆ. ಅಂಗಡಿಯ ಹುಡುಗ ವಿಡಿಯೊ ನೋಡಿ ಸಾಲುಗಳನ್ನು ಅಂಟಿಸಿದರೂ ಅಂಗಡಿ ನಡೆಯುತ್ತದೆ. ಇದರಿಂದ ಭದ್ರತೆಗೆ ನಷ್ಟವೂ ಇಲ್ಲ. ಗ್ನೋಮ್-ಶೆಲ್,ಜಿಡಿಎಂ3 ಮುಂತಾದ ನಿಜವಾದ ತಂತ್ರಾಂಶಗಳಿಗೆ ಅಪ್‌ಡೇಟ್ ಎಂದಿನಂತೆ ಬರುತ್ತಲೇ ಇರುತ್ತದೆ.

ಇದೇ ಕಾರಣಕ್ಕೆ ಹೋಲ್ಡನ್ನು ಸಿಕ್ಕಸಿಕ್ಕಲ್ಲಿ ಹಾಕಬಾರದು. ಲಿಬ್‌ಸಿ6, ಓಪನ್‌ಎಸ್‌ಎಸ್‌ಎಲ್, ಬ್ರೌಸರ್ ಇಂಥವಕ್ಕೆ ಹಾಕಿದರೆ ಭದ್ರತಾ ಅಪ್‌ಡೇಟ್ ನಿಂತುಹೋಗುತ್ತದೆ. ಲಿನಕ್ಸ್-ಜೆನೆರಿಕ್ ಕೂಡ ಮೆಟಾಪ್ಯಾಕೇಜೇ, ಆದರೆ ಅದಕ್ಕೂ ಹಾಕಬೇಡಿ. ಹೊಸ ಕರ್ನೆಲ್ ಬರುವುದೇ ಅದರ ಹೊಸ ಆವೃತ್ತಿಯ ಮೂಲಕ. ನಿಮ್ಮ ಡೆಸ್ಕ್‌ಟಾಪ್ ಪ್ಯಾಕೇಜ್ ಯಾವುದನ್ನು ಕಡ್ಡಾಯವಾಗಿ ನೆಚ್ಚಿಕೊಂಡಿದೆ ಎಂದು ತಿಳಿಯಲು ‘ಆಪ್ಟ್-ಕ್ಯಾಷ್ ಡಿಪೆಂಡ್ಸ್ ಉಬುಂಟು-ಡೆಸ್ಕ್‌ಟಾಪ್’ ಕೊಡಿ. ‘ಡಿಪೆಂಡ್ಸ್’ ಎಂದಿರುವುದಕ್ಕೆ ರಕ್ಷಣೆ ಸಿಗುತ್ತದೆ, ‘ರೆಕಮೆಂಡ್ಸ್’ ಎಂದಿರುವುದಕ್ಕೆ ಸಿಗುವುದಿಲ್ಲ.

ಆ ಕೊರತೆ ತುಂಬಲು ಎರಡನೆಯದು, ಕೀಳುವುದಕ್ಕೇ ಬೀಗ. /ಇಟಿಸಿ/ಆಪ್ಟ್/ಆಪ್ಟ್.ಕಾನ್ಫ್.ಡಿ/ ಫೋಲ್ಡರಿನಲ್ಲಿ 99ನೋರಿಮೂವ್ ಎಂಬ ಹೆಸರಿನ ಕಡತ ಮಾಡಿ ಒಂದೇ ಸಾಲು ಬರೆಯಿರಿ:

ಆಪ್ಟ್::ಗೆಟ್::ರಿಮೂವ್ "ಫಾಲ್ಸ್";

‘ಆಪ್ಟ್’ನ ಮೂರೂ ಅಕ್ಷರ ದೊಡ್ಡವು, ‘ಗೆಟ್’ ಮತ್ತು ‘ರಿಮೂವ್’ಗಳ ಮೊದಲ ಅಕ್ಷರ ದೊಡ್ಡದು. ಕೊನೆಯ ಅರ್ಧವಿರಾಮ ಬಿಟ್ಟುಹೋಗದಿರಲಿ. ಇನ್ನು ಮುಂದೆ ಟರ್ಮಿನಲ್‌ನ ಆಪ್ಟ್ ಯಾವ ಕಾರಣಕ್ಕೂ ಒಂದು ಪ್ಯಾಕೇಜನ್ನೂ ಕೀಳುವುದಿಲ್ಲ. ಕೀಳಬೇಕಾದರೆ, ರಿಮೂವ್ ನಿಷೇಧಿಸಲಾಗಿದೆ ಎಂಬರ್ಥದ ದೋಷ ತೋರಿಸಿ ನಿಲ್ಲುತ್ತದೆ. ಒಂದು ಸಲಕ್ಕೆ ಮಾತ್ರ ಈ ತಡೆ ಬೇಕಾದರೆ ಆಜ್ಞೆಗೆ ‘--ನೋ-ರಿಮೂವ್’ ಸೇರಿಸಿದರೂ ಸಾಕು. ಕಡತದ ಬೀಗವಿದ್ದಾಗ ಆಟೊರಿಮೂವ್ ಕೂಡ ನಿಲ್ಲುತ್ತದೆ, ಹಳೆಯ ಕರ್ನೆಲ್‌ಗಳು ಸೇರಿಕೊಂಡು /ಬೂಟ್ ಭರ್ತಿಯಾಗಬಹುದು. ಆದ್ದರಿಂದ ಆಗಾಗ್ಗೆ ಕೂತು, ಪಟ್ಟಿ ಓದಿ, ‘ಸುಡೊ ಆಪ್ಟ್ -ಓ ಆಪ್ಟ್::ಗೆಟ್::ರಿಮೂವ್=ಟ್ರೂ ಆಟೊರಿಮೂವ್’ ಎಂದು ಬೀಗವನ್ನು ಆ ಒಂದು ಸಲಕ್ಕೆ ತೆರೆದು ಗುಡಿಸಿ. ಗ್ರಾಫಿಕಲ್ ಅಪ್‌ಡೇಟರ್ ಈ ಆಯ್ಕೆಯನ್ನು ಓದುತ್ತದೆಂದು ನೆಚ್ಚಬೇಡಿ. ಅಲ್ಲಿ ಕಾಯುವುದು ಹೋಲ್ಡ್.

ಹೊರಗಿನ ಭಂಡಾರ ಅನಿವಾರ್ಯವಾದರೆ ಅದಕ್ಕೆ ಪಿನ್ ಹಾಕಿ, ಅಂದರೆ ಅದರ ಆದ್ಯತೆಯನ್ನು ನೀವೇ ಗೊತ್ತುಮಾಡಿ. ಪ್ರಿಫರೆನ್ಸಸ್.ಡಿ ಫೋಲ್ಡರಿನ ಒಂದು ಕಡತದಲ್ಲಿ ಆ ಭಂಡಾರದ ಎಲ್ಲ ಪ್ಯಾಕೇಜ್‌ಗಳಿಗೂ ಆದ್ಯತೆ 1 ಕೊಟ್ಟು, ನಿಮಗೆ ಬೇಕಾದ ಒಂದೇ ಪ್ಯಾಕೇಜಿಗೆ 500 ಕೊಡಿ. ಭಂಡಾರಗಳಿಗೆ ಸಾಮಾನ್ಯವಾಗಿ ಸಿಗುವ ಆದ್ಯತೆ 500, ಯಂತ್ರದಲ್ಲಿ ಈಗಾಗಲೇ ಇರುವುದಕ್ಕೆ 100. ಹೀಗಾಗಿ 1 ಪಡೆದದ್ದು ನಿಮ್ಮ ಲೈಬ್ರರಿಗಳನ್ನು ಮೀರಿ ಬಂದು ಕೂರಲಾರದು. ಬಿ.ಎಚ್. ರಸ್ತೆಯ ಯಂತ್ರದಲ್ಲಿ ಮೊದಲ ದಿನವೇ ಇಷ್ಟು ಮಾಡಿದ್ದರೆ ವೈನ್ ಸಲೀಸಾಗಿ ಕೂರುತ್ತಿತ್ತು.

ತಾನಾಗಿ ನಡೆಯುವ ಭದ್ರತಾ ಅಪ್‌ಡೇಟ್‌ಗಳನ್ನು, ಅಂದರೆ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಅನ್ನು, ಮಾತ್ರ ದಯವಿಟ್ಟು ನಿಲ್ಲಿಸಬೇಡಿ. ಈ ದೋಷ ಒಮ್ಮೆ ಕಂಡವರು ಮೊದಲು ಮಾಡುವುದೇ ಅದು. ಒಂದು ಅಪ್‌ಡೇಟ್‌ಗಾಗಿ ಬೇರೆ ಪ್ಯಾಕೇಜ್ ಕೀಳಬೇಕಾಗಿ ಬಂದರೆ ಅದು ಆ ಅಪ್‌ಡೇಟನ್ನೇ ಬಿಟ್ಟು ಮುಂದೆ ಹೋಗುತ್ತದೆ. ಅದರ 50ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಎಂಬ ಸಂರಚನಾ ಕಡತದಲ್ಲಿ ‘ರಿಮೂವ್-ಅನ್‌ಯೂಸ್ಡ್-ಡಿಪೆಂಡೆನ್ಸೀಸ್’ ಎಂಬುದು ‘ಫಾಲ್ಸ್’ ಆಗಿದೆಯೇ ಎಂದು ನೋಡಿಕೊಂಡರೆ ಸಾಕು. ಜನರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಆಗುವ ಯಂತ್ರಕ್ಕೆ ಭದ್ರತಾ ಅಪ್‌ಡೇಟ್ ಇಲ್ಲದಿರುವುದು ಕಪ್ಪು ಪರದೆಗಿಂತ ದೊಡ್ಡ ಅಪಾಯ.

ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಬಳಸುವವರಿಗೆ ಕೆಲಸ ಇನ್ನೂ ಸಲೀಸು. ಅದರ ಪ್ಯಾಕೇಜ್ ನಿರ್ವಾಹಕ ಡಿಎನ್‌ಎಫ್‌ನಲ್ಲಿ ಸಂರಕ್ಷಿತ ಪ್ಯಾಕೇಜ್‌ಗಳ ಪಟ್ಟಿಗೆಂದೇ /ಇಟಿಸಿ/ಡಿಎನ್‌ಎಫ್/ಪ್ರೊಟೆಕ್ಟೆಡ್.ಡಿ/ ಎಂಬ ಫೋಲ್ಡರ್ ಇದೆ. ಅಲ್ಲಿ ‘.ಕಾನ್ಫ್’ ಎಂದು ಕೊನೆಯಾಗುವ ಒಂದು ಕಡತ ಮಾಡಿ, ಸಾಲಿಗೊಂದರಂತೆ ನಿಮಗೆ ಬೇಕಾದ ಹೆಸರುಗಳನ್ನು ಬರೆದರೆ ಡಿಎನ್‌ಎಫ್ ಅವನ್ನು ಕೀಳಲು ಒಪ್ಪುವುದಿಲ್ಲ. ಓಡುತ್ತಿರುವ ಕರ್ನೆಲ್ ಮೊದಲಿನಿಂದಲೇ ಸಂರಕ್ಷಿತ. ಅಲ್ಲಿ ಜಾಗ್ರತೆ ವಹಿಸಬೇಕಾದ ಆಯ್ಕೆ ‘--ಅಲೋಎರೇಸಿಂಗ್’. ತಪ್ಪಿ ಏನಾದರೂ ಹೋದರೆ ‘ಡಿಎನ್‌ಎಫ್ ಹಿಸ್ಟರಿ’ಯಲ್ಲಿ ಆ ವ್ಯವಹಾರದ ಸಂಖ್ಯೆ ನೋಡಿ ‘ಹಿಸ್ಟರಿ ಅಂಡೂ’ ಕೊಡಬಹುದು.

ಉಬುಂಟುವನ್ನು ಒಂದು ಆವೃತ್ತಿಯಿಂದ ಮುಂದಿನದಕ್ಕೆ ಏರಿಸುವಾಗ ಮಾತ್ರ ಈ ಬೀಗಗಳನ್ನೆಲ್ಲ ತೆಗೆಯಬೇಕು. ದೀರ್ಘಾವಧಿ ಬೆಂಬಲದ ಒಂದು ಎಲ್‌ಟಿಎಸ್ ಆವೃತ್ತಿಯಿಂದ ಇನ್ನೊಂದಕ್ಕೆ ಹೋಗುವಾಗ ಸಾವಿರಾರು ಪ್ಯಾಕೇಜ್ ಬದಲಾಗುತ್ತವೆ, ಕೀಳುವುದು ಸಹಜವಾಗಿ ಇರುತ್ತದೆ. 2024ರ ಏಪ್ರಿಲ್‌ನಲ್ಲಿ ಬಂದ 24.04ರಲ್ಲಿ, 32 ಬಿಟ್ ಕಾಲಗಣನೆ 2038ರಲ್ಲಿ ಮುಗಿದುಹೋಗುವ ತೊಡಕಿನ ಪರಿಹಾರಕ್ಕಾಗಿ, ಎಷ್ಟೋ ಲೈಬ್ರರಿಗಳ ಹೆಸರಿನ ಕೊನೆಗೇ ‘ಟಿ64’ ಸೇರಿತು. ಹೊಸ ಹೆಸರಿನದು ಬರಬೇಕಾದರೆ ಹಳೆಯ ಹೆಸರಿನದು ಹೋಗಲೇಬೇಕು. ಹಾಗಾಗಿ ಏರಿಸುವ ಮುನ್ನ ‘ಆಪ್ಟ್-ಮಾರ್ಕ್ ಶೋಹೋಲ್ಡ್’ ಕೊಟ್ಟು ಪಟ್ಟಿ ಬರೆದುಕೊಳ್ಳಿ, ‘ಅನ್‌ಹೋಲ್ಡ್’ ಮಾಡಿ, 99ನೋರಿಮೂವ್ ಕಡತವನ್ನು ಬೇರೆಡೆಗೆ ಸರಿಸಿ, ಹೊರಗಿನ ಭಂಡಾರಗಳನ್ನು ಪಿಪಿಎ-ಪರ್ಜ್‌ನಿಂದ ತೆಗೆಯಿರಿ. ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಯುಪಿಎಸ್ ಬ್ಯಾಟರಿ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ. ಶನಿವಾರ ಸಂಜೆ ಅಂಗಡಿ ಮುಚ್ಚಿದ ಮೇಲೆ ಶುರುಮಾಡಿದರೆ, ಏನಾದರೂ ತೊಡಕು ಬಂದರೂ ಭಾನುವಾರ ಪೂರ್ತಿ ಕೈಯಲ್ಲಿರುತ್ತದೆ. ಏರಿಸಿದ ಮೇಲೆ ಬರೆದುಕೊಂಡ ಪಟ್ಟಿಯಂತೆ ಹೋಲ್ಡ್ ಹಾಕಿ, 99ನೋರಿಮೂವ್ ಕಡತವನ್ನು ಅದರ ಜಾಗಕ್ಕೆ ತಂದಿಡಿ.